ಬೇರೆ ಮನೆಯ ಗುರುತು

ನಾನು ಒಂದು ಪೊರೆ. ವಯಸ್ಸಾದವರ ಕಣ್ಣಿಗೆ ಬಂದು ನೋಟ ಕೆಡಿಸುವ ಪೊರೆಯಲ್ಲ. ಜನ ನನ್ನನ್ನು ಅದರ ಜೊತೆ ಸೇರಿಸಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದೇ ಒಂದು ಜೀವಕೋಶವನ್ನು ಸುತ್ತಿಕೊಂಡು ಕಾಯುವ ಪೊರೆ ನಾನು. ಒಳಗೆ ಏನು ಬರಬೇಕು, ಹೊರಗೆ ಏನು ಹೋಗಬೇಕು, ಯಾವ ಸುದ್ದಿಗೆ ಕಿವಿಗೊಡಬೇಕು, ಇದನ್ನೆಲ್ಲ ನೋಡಿಕೊಳ್ಳುವುದು ನನ್ನ ಕೆಲಸ.

ಗದಗಿನ ಒಬ್ಬ ತಾಯಿಯ ಹೊಟ್ಟೆಯಲ್ಲಿ, ಅವಳ ಮಗುವಿನ ಕಣ್ಣು ಇನ್ನೂ ಸಾಸಿವೆಯಷ್ಟಿದ್ದಾಗ ನಾನು ಹುಟ್ಟಿದೆ. ಒಂದು ಕೋಶ ನಡುವಿನಲ್ಲಿ ಸಣ್ಣದಾಗುತ್ತ ಹೋಗಿ ಎರಡಾಯಿತು, ಅದರ ಒಂದು ಪಾಲು ನಾನಾದೆ. ಕಣ್ಣಿನ ಕರಿಗುಡ್ಡೆಯ ಮುಂದೆ ಗಾಜಿನಂಥ ಪಟಲ ಇರುತ್ತದಲ್ಲ, ಡಾಕ್ಟರುಗಳು ಕಾರ್ನಿಯಾ ಎನ್ನುವುದು, ಅದರ ಒಳಮೈಗೆ ನಾವು ಲಕ್ಷಗಟ್ಟಲೆ ಜನ ಒಂದೇ ಹಾಸಿನಲ್ಲಿ ಅಂಟಿಕೊಂಡಿದ್ದೆವು. ನನ್ನ ಸುತ್ತ ಆರು ನೆರೆಯವರು. ನಮ್ಮ ನಮ್ಮ ನಡುವೆ ಸಣ್ಣ ಸಣ್ಣ ಸುರಂಗಗಳಿದ್ದವು. ಒಬ್ಬರಿಗೆ ತಿಳಿದದ್ದು ಅದರ ಮೂಲಕ ಆರು ಮಂದಿಗೂ ತಿಳಿಯುತ್ತಿತ್ತು.

ನಮ್ಮ ಪಂಗಡಕ್ಕೊಂದು ಶಾಪವಿದೆ. ಚರ್ಮದ ಕೋಶ ಸತ್ತರೆ ಆ ಜಾಗಕ್ಕೆ ಹೊಸದು ಹುಟ್ಟುತ್ತದೆ. ನಮ್ಮಲ್ಲಿ ಸತ್ತವರ ಜಾಗಕ್ಕೆ ಯಾರೂ ಹುಟ್ಟುವುದಿಲ್ಲ. ಉಳಿದವರೇ ಮೈ ಚಾಚಿ ಆ ತೆರಪನ್ನು ಮುಚ್ಚಬೇಕು. ಹಾಗಾಗಿ ನಮಗೆ ವಯಸ್ಸಾಗುವುದೆಂದರೆ ತೆಳ್ಳಗಾಗುತ್ತ, ಅಗಲವಾಗುತ್ತ ಹೋಗುವುದು.

ಮೈಯೆಂದರೆ ನನ್ನದೇನು, ಎಣ್ಣೆಯಂಥ ವಸ್ತುವಿನ ಎರಡು ಪದರ, ಅಷ್ಟೆ. ಆ ಎಣ್ಣೆಯಲ್ಲಿ ಅಲ್ಲಲ್ಲಿ ಬಾಗಿಲುಗಳಿವೆ. ಕೆಲವು ಒಳಕ್ಕೆ ಮಾತ್ರ ತೆರೆಯುತ್ತವೆ, ಕೆಲವು ಹೊರಕ್ಕೆ ಮಾತ್ರ. ನಮ್ಮ ಹಿಂದಿನ ಕೋಣೆಯಲ್ಲಿ ತಿಳಿನೀರು ತುಂಬಿರುತ್ತದೆ. ಗಾಜಿಗೆ ರಕ್ತನಾಳಗಳಿಲ್ಲದ್ದರಿಂದ ಊಟವೆಲ್ಲ ಆ ನೀರಿನಲ್ಲೇ ಬರಬೇಕು. ಆದರೆ ಬಂದ ನೀರು ಗಾಜಿನಲ್ಲೇ ನಿಂತುಬಿಟ್ಟರೆ ಗಾಜು ಊದಿ ಮಂಜಾಗುತ್ತದೆ. ನೀರನ್ನೇ ಎತ್ತಿ ಚೆಲ್ಲುವ ತಾಕತ್ತು ನನಗಿಲ್ಲ. ನಾನು ಉಪ್ಪನ್ನು ಆಚೆ ತಳ್ಳುತ್ತೇನೆ. ಉಪ್ಪು ಹೋದ ಕಡೆ ನೀರು ತಾನಾಗಿ ಹೋಗುತ್ತದೆ. ಹಗಲು ರಾತ್ರಿ ಇದೊಂದೇ ಕೆಲಸ. ನಾವು ದುಡಿದರೆ ಕಣ್ಣಿನವರು ಜಗತ್ತನ್ನು ನೋಡುತ್ತಾರೆ, ನಾವು ಇದ್ದೇವೆಂದು ಮಾತ್ರ ಅವರಿಗೆ ಗೊತ್ತೇ ಇರುವುದಿಲ್ಲ.

ನನ್ನ ಮೊದಲ ಧಣಿ ಮಹಾರುದ್ರಪ್ಪ. ಗದಗಿನಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಿದ್ದ. ಮದುವೆಯಾಗಲಿಲ್ಲ. ಬೆಳಿಗ್ಗೆ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತನೆಂದರೆ ಸಂಜೆಯವರೆಗೆ ಅವನ ಜಗತ್ತು ಒಂದು ರೂಪಾಯಿ ಬಿಲ್ಲೆಯಷ್ಟು. ಗಿರಾಕಿ ಬಂದರೆ ಮುಖ ನೋಡುತ್ತಿರಲಿಲ್ಲ, ಮಣಿಕಟ್ಟು ನೋಡುತ್ತಿದ್ದ. ಐವತ್ತೆಂಟು ವರ್ಷ ನಾನು ಅವನ ಬಲಗಣ್ಣಿನಲ್ಲಿದ್ದೆ. ಆ ಕಣ್ಣಿನಿಂದ ಅವನು ಹಲ್ಲುಚಕ್ರಗಳನ್ನು ಎಷ್ಟು ನೋಡಿದನೋ, ಮನುಷ್ಯರನ್ನು ಅದರ ಕಾಲುಪಾಲೂ ನೋಡಲಿಲ್ಲ.

ಒಂದು ದಿನ ಊಟಕ್ಕೆ ಕೂತವನ ಎದೆಬಡಿತ ನಿಂತುಹೋಯಿತು. ನಮಗೆ ತಿಳಿದದ್ದು ಆಮೇಲೆ, ಹಿಂದಿನ ಕೋಣೆಯ ನೀರು ತಣ್ಣಗಾದಾಗ, ಊಟ ಬರುವುದು ನಿಂತಾಗ. ಅವನು ಯಾವುದೋ ಶಿಬಿರದಲ್ಲಿ ನೇತ್ರದಾನದ ಫಾರ್ಮು ತುಂಬಿಟ್ಟಿದ್ದನಂತೆ. ಆಸ್ಪತ್ರೆಯವರು ಬಂದು ಅವನ ಅಕ್ಕ ಶಾಂತವ್ವನನ್ನು ಒಪ್ಪಿಗೆ ಕೇಳಿದರು.

"ತಗೊಂಡ ಹೋಗ್ರಿ," ಎಂದಳು ಆಕೆ. "ಇಂವ ಜೀವಮಾನದಾಗ ಯಾರ ಮುಖಾನೂ ನೆಟ್ಟಗ ನೋಡ್ಲಿಲ್ಲ. ಇನ್ನ ಮ್ಯಾಲರ ನೋಡ್ಲಿ."

ಅಲ್ಲಿಂದ ನಾಲ್ಕು ದಿನ ಒಂದು ಬಾಟಲಿಯ ತಣ್ಣನೆಯ ದ್ರವದಲ್ಲಿ ತೇಲಿದೆವು. ಬೆಳಕಿಲ್ಲ, ರೆಪ್ಪೆಯ ಬಡಿತವಿಲ್ಲ. ನನ್ನ ಬಾಗಿಲುಗಳನ್ನು ಆದಷ್ಟು ಮುಚ್ಚಿಕೊಂಡು ಕೋಶವನ್ನು ಹೇಗೋ ಉಳಿಸಿಕೊಂಡೆ. ಆರು ನೆರೆಯವರಲ್ಲಿ ಒಂದು ಆ ಬಾಟಲಿಯಲ್ಲೇ ಹೋಯಿತು. ಐದನೆಯ ದಿನ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನಮ್ಮನ್ನು ಬಿಲ್ಲೆಯಂತೆ ಕತ್ತರಿಸಿ ಒಬ್ಬ ಹೆಂಗಸಿನ ಎಡಗಣ್ಣಿಗೆ ಹದಿನಾರು ಹೊಲಿಗೆ ಹಾಕಿ ಕೂರಿಸಿದರು. ಬೆಚ್ಚಗಿನ ನೀರು ಬಂದು ತಾಕಿತು. ಆದರೆ ನೀರಿನ ರುಚಿ ಬೇರೆಯಾಗಿತ್ತು. ಇದು ನಮ್ಮ ಮನೆಯಲ್ಲ ಎಂದು ಆಗಲೇ ತಿಳಿಯಿತು.

ಆ ಹೆಂಗಸಿನ ಹೆಸರು ಫಕ್ಕೀರವ್ವ. ಧಾರವಾಡದಲ್ಲಿ ಗಂಡ ಗುರುಸಿದ್ದನ ಜೊತೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಮನೆಮನೆಗೆ ಕೊಡುವ ಕಸುಬು. ಅವಳ ಬಲಗಣ್ಣು ಚಿಕ್ಕಂದಿನಲ್ಲೇ ಕುರುಡಾಗಿತ್ತು. ಉಳಿದ ಎಡಗಣ್ಣನ್ನು ಕಸುಬೇ ಕಿತ್ತುಕೊಂಡಿತ್ತು. ಯಾರ ಬಟ್ಟೆ ಯಾರದೆಂದು ತಿಳಿಯಲು ಅವರು ಪ್ರತಿ ಅಂಗಿಯ ಕೊರಳಪಟ್ಟಿಯ ಒಳಗೆ ಆ ಮನೆಯ ಗುರುತು ಹಾಕುತ್ತಾರೆ: ಒಂದು ಚುಕ್ಕೆ ಎರಡು ಗೆರೆ, ಅಥವಾ ಮೂರು ಚುಕ್ಕೆ. ಅದಕ್ಕೆ ಬೇಕಾಗುವುದು ಕೇರುಬೀಜದ ಕರಿ ರಸ, ಎಷ್ಟು ಒಗೆದರೂ ಹೋಗದಂಥದು. ಬೀಜಕ್ಕೆ ಸೂಜಿ ಚುಚ್ಚುವಾಗ ಆ ಸುಡುವ ರಸ ಸಿಡಿದು ಅವಳ ಕಣ್ಣಿಗೇ ಬಿತ್ತು. ಹುಣ್ಣು ಮಾಯಿತು, ಗಾಜಿನ ನಟ್ಟನಡುವೆ ಬಿಳಿ ಕಲೆ ಉಳಿಯಿತು.

ಕಣ್ಣಿಲ್ಲದಿದ್ದರೂ ಬಟ್ಟೆ ಒಗೆಯಬಹುದು. ಫಕ್ಕೀರವ್ವನ ಸಂಕಟ ಅದಲ್ಲ. ಗುರುಸಿದ್ದ ಹುಟ್ಟುಕಿವುಡ, ಬಾಯಲ್ಲಿ ಮಾತಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಅಕ್ಷರವೂ ಇಲ್ಲ. ಅವನ ತಾಯಿ ಮಗನಿಗೆಂದೇ ಕೈಸನ್ನೆಯ ಒಂದು ಭಾಷೆ ಕಟ್ಟಿದ್ದಳು. ಮಾಸ್ತರರ ಮನೆಯೆಂದರೆ ಕಿವಿ ಹಿಂಡುವುದು, ವಕೀಲರ ಮನೆಯೆಂದರೆ ಕರಿ ಕೋಟಿನ ತೋಳು ಎಳೆಯುವುದು, ಫಕ್ಕೀರವ್ವ ಎಂದರೆ ಗದ್ದದ ಕೆಳಗೆ ಎರಡು ಸಲ ಬೆರಳು ತಟ್ಟುವುದು. ತಾಯಿ ತೀರಿದ ಮೇಲೆ ಆ ಭಾಷೆ ಪೂರ್ತಿ ಗೊತ್ತಿದ್ದವಳು ಫಕ್ಕೀರವ್ವ ಒಬ್ಬಳೇ. ಅವಳ ಕಣ್ಣು ಹೋದ ಮೇಲೆ ಎರಡು ವರ್ಷ ಅವಳು ಕೈ ಆಡಿಸಿ ಗಂಡನಿಗೆ ಹೇಳಬಲ್ಲವಳಾಗಿದ್ದಳು, ಅವನು ಹೇಳಿದ್ದು ಇವಳಿಗೆ ಕಾಣುತ್ತಿರಲಿಲ್ಲ. ಅವನ ಕೈ ಹಿಡಿದು ತಿಳಿಯಲು ನೋಡಿದಳು. ಊಟ, ನೀರು, ಬಾ, ಹೋಗು, ಇಷ್ಟು ಕೈಗೆ ಸಿಕ್ಕವು. ಉಳಿದದ್ದೆಲ್ಲ ಅವನ ಹುಬ್ಬಿನಲ್ಲಿ, ಕೆನ್ನೆಯಲ್ಲಿ, ಬೆರಳಿನ ವೇಗದಲ್ಲಿ ಇತ್ತು. ಒಂದೇ ಸೂರಿನ ಕೆಳಗೆ ಇಬ್ಬರೂ ಒಂಟಿಯಾದರು.

ಪಟ್ಟಿ ಬಿಚ್ಚಿದ ದಿನ ನಮ್ಮ ಮೂಲಕ ಹಾದ ಮೊದಲ ಬೆಳಕು ಅವನ ಕೈಗಳದ್ದು. ಅವನು ಗದ್ದದ ಕೆಳಗೆ ಎರಡು ಸಲ ತಟ್ಟಿ, ಹುಬ್ಬೆತ್ತಿ ನಿಂತ. ಫಕ್ಕೀರವ್ವ ಅಳಬಾರದೆಂದು ಡಾಕ್ಟರ್ ಮೇಡಂ ಹೇಳಿದ್ದರು. ಅವಳು ತುಟಿ ಕಚ್ಚಿಕೊಂಡು ಅತ್ತೇಬಿಟ್ಟಳು.

ಅಂದಿನಿಂದ ಆ ಮನೆಯ ಹರಟೆಗೆ ಮಿತಿಯೇ ಇಲ್ಲ. ಮಾತಾಡಬೇಕೆಂದರೆ ಗುರುಸಿದ್ದ ಇಸ್ತ್ರಿಪೆಟ್ಟಿಗೆ ಕೆಳಗಿಡಬೇಕು. ಒಮ್ಮೆ ವಕೀಲರ ಹೆಂಡತಿಯನ್ನು ಅಣಕಿಸುವ ಭರದಲ್ಲಿ ಅದನ್ನು ವಕೀಲರ ಅಂಗಿಯ ಮೇಲೇ ಇಟ್ಟುಬಿಟ್ಟ. ಅಂಗಿ ಸುಟ್ಟು ಹೊಗೆಯಾಡಿತು. ಫಕ್ಕೀರವ್ವ ಹೊಟ್ಟೆ ಹಿಡಿದು ನಕ್ಕಳು, ಆಮೇಲೆ ಬೈಸಿಕೊಳ್ಳಲು ಅವಳೇ ಹೋದಳು.

ಅವರ ಖುಷಿ ಅವರಿಗೆ. ನಮ್ಮ ಪಾಡು ಬೇರೆ. ಪ್ರತಿ ಪೊರೆಯ ಹೊರಮೈಯಲ್ಲಿ ಅದು ಯಾರ ದೇಹದ್ದೆಂಬ ಗುರುತು ಇರುತ್ತದೆ, ಕೇರುಬೀಜದ ಗುರುತಿನಷ್ಟೇ ಗಟ್ಟಿ. ನನ್ನ ಮೈಮೇಲಿದ್ದದ್ದು ಮಹಾರುದ್ರಪ್ಪನ ಗುರುತು. ಫಕ್ಕೀರವ್ವನ ರಕ್ತದಲ್ಲಿ ತಿರುಗುವ ಕಾವಲುಕೋಶಗಳು ಎದುರಾದವರ ಗುರುತನ್ನೆಲ್ಲ ಮುಟ್ಟಿ ನೋಡುತ್ತವೆ. ತಮ್ಮ ಮನೆಯದಲ್ಲದಿದ್ದರೆ ಕೊಲ್ಲುತ್ತವೆ. ಗಾಜಿಗೆ ರಕ್ತನಾಳವಿಲ್ಲವೆಂದು ನಮಗೆ ಸ್ವಲ್ಪ ರಕ್ಷಣೆ, ದಿನಾ ಬೀಳುವ ಔಷಧದ ಹನಿ ಆ ಕಾವಲಿನವರನ್ನು ಮಂಪರಿನಲ್ಲಿಡುತ್ತದೆಂದು ಇನ್ನಷ್ಟು ರಕ್ಷಣೆ. ದಿನಕ್ಕೊಂದು ಹನಿ, ಕೊನೆಯವರೆಗೂ ತಪ್ಪಿಸಬಾರದು ಎಂದು ಮೇಡಂ ಬೆರಳೆತ್ತಿ ಹೇಳಿದ್ದರು.

ಎರಡು ವರ್ಷ ತಪ್ಪಲಿಲ್ಲ. ಮೂರನೆಯ ಬೇಸಿಗೆಗೆ ನವಲಗುಂದದಿಂದ ಗುರುಸಿದ್ದನ ಸೋದರತ್ತೆ ದ್ಯಾಮವ್ವ ಬಂದಳು. ಪ್ರೀತಿಯ ಮುದುಕಿ. ಔಷಧದ ಸೀಸೆ ನೋಡಿ ಮೂಗು ಮುರಿದಳು.

"ಎರಡ ವರ್ಷಾತು, ಇನ್ನೂ ಹಾಕ್ಕೊಂತಿ? ಇವು ಭಾಳ ಕಾವು ಮಾಡ್ತಾವ. ನೋಡಿಲ್ಲಿ, ಕಣ್ಣ ಹೆಂಗ ಕೆಂಪಗಾಗೇತಿ."

"ಬಿಡಬ್ಯಾಡ ಅಂದಾರ್ರೀ ಮೇಡಂ."

"ಅವರಿಗೇನ ಗೊತ್ತು ನಮ್ಮ ಬಿಸಲು. ತಲಿಗೆ ಔಡಲೆಣ್ಣಿ ಹಚ್ಚಿ ಎರಿತೀನಿ. ಕಣ್ಣಿಗೂ ಒಂದೊಂದ ಹನಿ ಬಿಡ್ತೀನಿ. ತಂಪಾಗ್ತೈತಿ. ಕಾವೆಲ್ಲ ಇಳದ ಮ್ಯಾಲ ಬೇಕಾದ್ರ ಔಷಧ ಹಾಕ್ಕೋ."

ಆ ಕಡೆಯ ಹೆಂಗಸರು ಬಾಣಂತಿಗೂ ಮಗುವಿಗೂ ಮಾಡುವ ಉಪಚಾರವದು. ಫಕ್ಕೀರವ್ವನಿಗೆ ಹಾಯೆನಿಸಿತು. ಸೀಸೆ ಗೂಡು ಸೇರಿತು. ಒಂದೂವರೆ ತಿಂಗಳು ಅದನ್ನು ಯಾರೂ ತೆಗೆಯಲಿಲ್ಲ.

ಎಣ್ಣೆ ನಮ್ಮನ್ನು ಮುಟ್ಟಲಿಲ್ಲ, ಮೇಲೇ ಜಾರಿ ಹೋಯಿತು. ಆದರೆ ಕಾವಲಿನವರಿಗೆ ಎಚ್ಚರವಾಯಿತು. ಕೇರುಬೀಜದ ಹಳೆಯ ಗಾಯದ ಅಂಚಿನಲ್ಲಿ ಒಂದೆರಡು ರಕ್ತನಾಳ ಗಾಜಿನೊಳಕ್ಕೆ ಬೆಳೆದಿದ್ದವು. ಅದೇ ದಾರಿಯಲ್ಲಿ ಅವರು ಬಂದರು. ಸಾಲುಗಟ್ಟಿ, ಒಂದು ಅಂಚಿನಿಂದ ಶುರುಮಾಡಿ, ಒಬ್ಬೊಬ್ಬರ ಗುರುತು ಮುಟ್ಟುತ್ತ ಮುಂದೆ ಸರಿದರು. ಮುಟ್ಟಿಸಿಕೊಂಡವರ ಪೊರೆ ತೂತಾಯಿತು.

ಸುರಂಗಗಳಲ್ಲಿ ಗಾಬರಿಯ ಸುದ್ದಿ ಅಲೆಯಾಗಿ ಬಂತು. ಸಾಲು ನನ್ನ ಎಡಗಡೆಯ ನೆರೆಯ ಮುಂದೆ ಬಂದು ನಿಂತಿತು. ತಾಯಿಯ ಹೊಟ್ಟೆಯಿಂದ ನನ್ನ ಜೊತೆಗಿದ್ದ ಜೀವ ಅದು; ಅರವತ್ತು ವರ್ಷ ಒಂದೇ ಊಟ ಹಂಚಿಕೊಂಡವರು ನಾವು. ಸಾಯುವ ಕೋಶದಿಂದ ವಿಷ ಹರಿದು ಬರುತ್ತದೆ. ಆಗ ಆ ಕಡೆಯ ಸುರಂಗವನ್ನು ಮುಚ್ಚಬೇಕು, ಇಲ್ಲದಿದ್ದರೆ ಇಬ್ಬರೂ ಸಾಯುತ್ತಾರೆ. ಪೊರೆಗೆ ಹುಟ್ಟಿನಿಂದಲೇ ಗೊತ್ತಿರುವ ಧರ್ಮವದು. ಅದು ಇನ್ನೂ ಏನನ್ನೋ ಹೇಳುತ್ತಿತ್ತು. ನಾನು ಮುಚ್ಚಿಬಿಟ್ಟೆ. ನನ್ನ ಬದುಕಿನಲ್ಲಿ ಅಷ್ಟು ಸರಿಯಾದ ಕೆಲಸವನ್ನೂ ನಾನು ಮಾಡಿಲ್ಲ, ಅಷ್ಟು ನಾಚಿಕೆಯ ಕೆಲಸವನ್ನೂ ಮಾಡಿಲ್ಲ.

ಫಕ್ಕೀರವ್ವನಿಗೆ ಗಂಡನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣತೊಡಗಿದವು. ಹೆದರಿ ಹುಬ್ಬಳ್ಳಿಗೆ ಓಡಿದಳು. ಮೇಡಂ ದೀಪ ಹಾಕಿ ನೋಡಿದರು.

"ಹನಿ ಯಾವಾಗ ಬಿಟ್ರಿ?"

"ಒಂದೂವರೆ ತಿಂಗಳಾತ್ರಿ. ಕಾವು ಆಗೇತಿ ಅಂತ."

ಮೇಡಂ ಬೈಯಲಿಲ್ಲ. ಗಂಟೆಗೊಂದು ಹನಿ ಹಾಕಿಸಿದರು. ಕಾವಲಿನವರು ಮತ್ತೆ ಮಂಪರಾಗಿ ಹಿಂದೆ ಸರಿದರು. ಅರ್ಧಕ್ಕರ್ಧ ಜನ ಹೋಗಿದ್ದರು. ನನ್ನ ಸುತ್ತ ಉಳಿದದ್ದು ಇಬ್ಬರೇ. ಖಾಲಿ ಬಿದ್ದ ಜಾಗಕ್ಕೆಲ್ಲ ನಾನು ಮೈ ಚಾಚಿದೆ, ಇಮ್ಮಡಿ ಅಗಲವಾದೆ. ದ್ಯಾಮವ್ವ ಸುದ್ದಿ ಕೇಳಿ ನವಲಗುಂದದಲ್ಲಿ ಮೂರು ದಿನ ಅನ್ನ ಮುಟ್ಟಲಿಲ್ಲವಂತೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ತಂಪು ಮಾಡಲು ಬಂದವಳು.

ಹಾಗೂ ಹನ್ನೊಂದು ವರ್ಷ ದೂಡಿದೆವು. ಆಮೇಲೆ ನಮ್ಮ ಕೈ ಸೋಲತೊಡಗಿತು. ನಿದ್ದೆಯಲ್ಲಿ ರೆಪ್ಪೆ ಮುಚ್ಚಿದ್ದಾಗ ಗಾಜಿನ ನೀರು ಆರುವುದಿಲ್ಲ. ಎಲ್ಲವನ್ನೂ ನಾವೇ ತಳ್ಳಬೇಕು. ಕಡಿಮೆ ಜನರಿಂದ ಅದು ಮುಗಿಯುತ್ತಿರಲಿಲ್ಲ. ಫಕ್ಕೀರವ್ವ ಬೆಳಿಗ್ಗೆ ಎದ್ದರೆ ಮುಂದೆಲ್ಲ ಮಂಜು.

"ಈ ಸಲ ಇಬ್ಬನಿ ಭಾಳ ಬಿದ್ದೈತಿ," ಎಂದು ಪಕ್ಕದ ಮನೆಯವಳಿಗೆ ಹೇಳಿದಳು. ಪಕ್ಕದ ಮನೆಯವಳು ರಣರಣ ಬಿಸಿಲಲ್ಲಿ ಹಪ್ಪಳ ಒಣಹಾಕುತ್ತಿದ್ದಳು.

ಮೊದಮೊದಲು ಮಂಜು ಹತ್ತು ಗಂಟೆಗೆ ಹರಿಯುತ್ತಿತ್ತು. ಮರುವರ್ಷ ಹನ್ನೆರಡಾಯಿತು, ಅದರ ಮರುವರ್ಷ ನಾಲ್ಕು. ಆ ಗಂಡಹೆಂಡತಿ ಮಾತನ್ನು ಸಂಜೆಗೆ ಕೂಡಿಡುವುದನ್ನು ಕಲಿತರು. ನಾಲ್ಕರಿಂದ ಹೊತ್ತು ಮುಳುಗುವವರೆಗೆ ಅಂಗಡಿಯ ಇಸ್ತ್ರಿ ತಣ್ಣಗಿರುತ್ತಿತ್ತು. ಗುರುಸಿದ್ದ ಬೆಳಗಿನಿಂದ ಕಂಡದ್ದನ್ನೆಲ್ಲ ಅವಸರವಾಗಿ ಹೇಳುತ್ತಿದ್ದ. ಗಿರಾಕಿ ಬಂದರೆ ಇಬ್ಬರಿಗೂ ಸಿಡುಕು. ನನ್ನ ಶಕ್ತಿಯೆಲ್ಲ ಆ ಎರಡು ಗಂಟೆಗೇ ಖರ್ಚಾಗಲಿ ಎಂದು ನಾನು ದುಡಿದೆ. ಒಂದು ದಿನ ನಾಲ್ಕಾಯಿತು, ಐದಾಯಿತು, ಮಂಜು ಹರಿಯಲಿಲ್ಲ. ಗುರುಸಿದ್ದ ಅವಳೆದುರು ಕೂತು ಕತ್ತಲಾಗುವವರೆಗೆ ಕಾದ.

ಮೇಡಂ ಈಗ ಬಿಳಿಗೂದಲಿನವರು. ಪೂರ್ತಿ ಗಾಜು ಬದಲಿಸುವುದು ಬೇಡ ಎಂದರು. ಒಳಗಿನ ಹಾಸನ್ನು ಮಾತ್ರ ಸುಲಿದು ತೆಗೆದು, ಬೇರೆಯವರು ದಾನ ಮಾಡಿದ ಹಾಸನ್ನು ಕೂರಿಸಬಹುದಂತೆ. ಹಾಸು ಎಂದರೆ ನಾವೇ. ಕೇಳಿ ನನಗೆ ದುಃಖವಾಯಿತು ಎಂದರೆ ಸುಳ್ಳಾಗುತ್ತದೆ. ನಾನು ಇದ್ದರೆ ಅವಳಿಗೆ ಅವನ ಕೈ ಕಾಣುವುದಿಲ್ಲ. ಅಷ್ಟು ಸಣ್ಣ ಲೆಕ್ಕ ಪೊರೆಗೂ ತಿಳಿಯುತ್ತದೆ.

"ಖಾತ್ರಿ ಐತೇನ್ರೀ?" ಎಂದು ಕೇಳಿದಳು ಫಕ್ಕೀರವ್ವ.

"ಖಾತ್ರಿ ಅಂತ ಹೇಳಾಕ ಬರಂಗಿಲ್ಲವಾ. ಹೊಸಾದು ಹಿಡೀಬೇಕು."

ದಾನಿ ಸಿಕ್ಕರೆಂದು ಫೋನು ಬಂದದ್ದು ನಾಲ್ಕು ತಿಂಗಳಾದ ಮೇಲೆ. ಆಪರೇಶನ್ನಿನ ದಿನ ಮಧ್ಯಾಹ್ನ, ಗಾಜನ್ನು ಸರಿಯಾಗಿ ನೋಡಬೇಕೆಂದು ಮೇಡಂ ಕಣ್ಣಿಗೆ ಗಟ್ಟಿ ಉಪ್ಪುನೀರಿನ ಹನಿಗಳನ್ನು ಹಾಕಿದರು. ಹೊರಗಿನ ಆ ಉಪ್ಪು ಗಾಜಿನ ನೀರನ್ನು ತನ್ನ ಕಡೆ ಎಳೆಯಿತು. ಒಳಗಿನಿಂದ ನಾನೂ ಇದ್ದಬದ್ದ ಬಲವೆಲ್ಲ ಹಾಕಿ ತಳ್ಳಿದೆ. ಮಂಜು ತೆಳುವಾಯಿತು. ಐದು ತಿಂಗಳ ಮೇಲೆ ಫಕ್ಕೀರವ್ವನಿಗೆ ಗಂಡನ ಮುಖ ಕಂಡಿತು.

"ಲಗೂನ ಮಾತಾಡು," ಎಂದು ಕೈಯಾಡಿಸಿದಳು. "ಇದು ಭಾಳ ಹೊತ್ತು ಇರೂದಿಲ್ಲ."

ಗುರುಸಿದ್ದ ಹೇಳಿದ. ಕೇರುಬೀಜ ಸಿಡಿದ ಮೇಲಿನ ಆ ಎರಡು ವರ್ಷ ಅವನು ಸುಮ್ಮನಿರಲಿಲ್ಲವಂತೆ. ಅವಳಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ದಿನಾ ಅವಳೆದುರು ಕೂತು ಮಾತಾಡುತ್ತಿದ್ದನಂತೆ. ಗಿರಾಕಿಗಳ ಸುದ್ದಿ, ಅವನ ಹೆದರಿಕೆ, ಎಲ್ಲ. ಇಷ್ಟು ವರ್ಷ ಇದನ್ನು ಹೇಳಲು ನಾಚಿಕೆಯಾಗಿತ್ತು. ಈ ಐದು ತಿಂಗಳೂ ಹಾಗೆಯೇ ಮಾಡಿದ್ದ. ನಾಳೆ ಹೊಸದು ಹಿಡಿಯದಿದ್ದರೂ ನಿಲ್ಲಿಸುವುದಿಲ್ಲ ಎಂದ.

ಫಕ್ಕೀರವ್ವ ಒಂದು ಕೈ ಎತ್ತಿ, "ಏನೇನ ಹೇಳಿದ್ದಿ?" ಎಂದು ಕೇಳಿದಳು. ಅವನು ಉತ್ತರ ಶುರುಮಾಡುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿತು. ಇನ್ನೊಂದು ಗಳಿಗೆ ಹಿಡಿದಿಡಲು ನನ್ನಿಂದಾಗಲಿಲ್ಲ. ಆ ಉತ್ತರ ನನ್ನ ತನಕ ಬಂದು, ನನ್ನನ್ನು ದಾಟಲಾಗದೆ ಉಳಿಯಿತು.

ಸುಲಿಯುವುದು ನೋಯಲಿಲ್ಲ. ಚಿಮುಟದ ತುದಿಯಲ್ಲಿ ಒಂದು ಕ್ಷಣ ಜೋತಾಡಿ ಸ್ಟೀಲಿನ ಬಟ್ಟಲಿನೊಳಕ್ಕೆ ಬಿದ್ದೆವು. ತಳದಲ್ಲಿ ಒಂದಿಷ್ಟು ನೀರಿದೆ. ಊಟವಿಲ್ಲ. ಪಕ್ಕದ ಇಬ್ಬರೂ ಉತ್ತರ ಕೊಡುತ್ತಿಲ್ಲ. ನನ್ನ ಬಾಗಿಲುಗಳು ಒಂದೊಂದಾಗಿ ಸಡಿಲವಾಗುತ್ತಿವೆ, ಉಪ್ಪು ತನಗೆ ಬೇಕಾದ ಕಡೆ ಹೋಗಿ ಬರುತ್ತಿದೆ. ಜೀವಮಾನವಿಡೀ ಒಂದು ಕಾಳು ಉಪ್ಪನ್ನೂ ಸುಮ್ಮನೆ ಬಿಟ್ಟವನಲ್ಲ ನಾನು. ಹಿಡಿಯುವ ಕೈ ಎದುರಿಗಿಲ್ಲದೆ ಒಂದು ಸುದ್ದಿಯನ್ನೂ ಕಳಿಸಿದವನಲ್ಲ. ಅದೇ ಬುದ್ಧಿವಂತಿಕೆ ಎಂದುಕೊಂಡಿದ್ದೆ.

"ಹೊಸಾದು ಚಲೋ ಕೂತೈತಿ," ಎಂದರು ಮೇಡಂ. ಫಕ್ಕೀರವ್ವನ ಕಣ್ಣಿಗೆ ದಪ್ಪ ಪಟ್ಟಿ ಕಟ್ಟಿದರು. ಮುಖ ಮೇಲೆ ಮಾಡಿ ಮಲಗಿಸಿ ತಳ್ಳುಗಾಡಿಯನ್ನು ಆಪರೇಶನ್ ಕೋಣೆಯ ಬಾಗಿಲಿಗೆ ತಂದರು. ಬಾಗಿಲು ತೆರೆದೇ ಇತ್ತು, ಹೊರಗಿನದು ನನಗೆ ಕೇಳಿಸುತ್ತಿತ್ತು.

"ಅವ್ವಾ, ನಿಮ್ಮ ಯಜಮಾನ್ರು ನಿಮ್ಮ ಮುಂದ ನಿಂತು ಕೈ ಆಡಸಾಕ್ಹತ್ತ್ಯಾರ," ಎಂದಳು ನರ್ಸ್. "ಪಟ್ಟಿ ಕಟ್ಟೇವಿ, ಇವತ್ತ ನಿಮಗ ಏನೂ ಕಾಣೂದಿಲ್ಲ ಅಂತ ಅವರಿಗೆ ತಿಳಸ್ರಿ."

"ತಿಳದೈತ್ರಿ ಅವರಿಗೆ," ಎಂದಳು ಫಕ್ಕೀರವ್ವ. "ಗಾಡಿ ಒಂದೀಟ ನಿಂದರಸ್ರಿ. ಮಾತ ಮುಗೀಲಿ."